ಒಂದೆಲಗದ ಎಣ್ಣೆ, ಹುಳುಮನೆಯ ಬಾಗಿಲು

ಆಗ ನನಗೆ ಇಪ್ಪತ್ತಾರು. ಈಗಕ್ಕೆ ಐವತ್ತು ವರ್ಷದ ಮೇಲಾಯಿತು. ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸು ಇದ್ದಿಲಿನಲ್ಲಿ ಓಡುತ್ತಿತ್ತು, ರೇಷ್ಮೆಗೂಡಿಗೆ ಎಲ್ಲಿಲ್ಲದ ಗಿರಾಕಿ. ನಮ್ಮ ಊರು ದೇವರಾಯಸಮುದ್ರದ ಪಕ್ಕ. ಮನೆಗೆ ಸೇರಿದ ಹುಳುಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು.

ನನಗೇನೋ ಆಗಿದೆ ಅಂತ ಮೊದಲು ಗೊತ್ತಾಗಿದ್ದು ಉಪ್ಪಿನಿಂದ. ನಮ್ಮ ಮನೆಯವರು ಮುದ್ದೆ ಮುರಿದು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು. "ಸಾರಿಗೆ ಉಪ್ಪು ಹಾಕಿದ್ದೀಯಾ?" ಅಂದರು. ಬೆರಳು ಅದ್ದಿ ನೆಕ್ಕಿದೆ. ಉಪ್ಪಿದೆಯೋ ಇಲ್ಲವೋ ನನ್ನ ನಾಲಿಗೆಗೆ ತಿಳಿಯಲಿಲ್ಲ.

ಅದಕ್ಕೆ ಸ್ವಲ್ಪ ಮುಂಚೆ ನನ್ನ ಗಂಡು ಮಗು ಹೋಗಿತ್ತು. ಇನ್ನೂ ಕತ್ತು ನಿಂತಿರಲಿಲ್ಲ. ಜ್ವರ ಬಂತು, ಮಗು ಹೋಯಿತು. ಅಷ್ಟೇ.

ಅಳು ಬರಲಿಲ್ಲ. ಕೋಪವೂ ಬರಲಿಲ್ಲ. ಒದ್ದೆ ಗೋಣಿಚೀಲ ಹೊದ್ದು ಕೂತ ಹಾಗೆ ಮೈಯೆಲ್ಲ ಭಾರ. ತಲೆ ಬಾಚಲಿಲ್ಲ. ಒಲೆ ಆರಿದರೆ ಆರಿದ್ದನ್ನು ನೋಡುತ್ತಾ ಕೂರುತ್ತಿದ್ದೆ. ನನ್ನ ಮೊದಲ ಮಗು ವೆಂಕಿಗೆ ನಾಲ್ಕು ವರ್ಷ. ಹಸಿವು ಅಂತ ಅವಳು ಸೆರಗು ಎಳೆದರೆ ಸೆರಗು ಕಾಣುತ್ತಿತ್ತು, ಮಗು ಕಾಣುತ್ತಿರಲಿಲ್ಲ.

ಹೀಗಾಗಿ ವೆಂಕಿಯನ್ನು ಸುಗಟೂರಿಗೆ ಕಳಿಸಿದರು. ಅಲ್ಲಿ ನನ್ನ ನಾದಿನಿ ರತ್ನ ಇದ್ದಳು. ಮದುವೆಯಾಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. "ನೀನು ಎದ್ದು ಓಡಾಡೋ ಹಂಗಾದ್ರೆ ತಂದು ಬಿಡ್ತಾಳೆ" ಅಂದರು ನಮ್ಮತ್ತೆ. ಪಕ್ಕದ ಮನೆ ಚೌಡಮ್ಮ ನೀರು ಸೇದುವಾಗ ನೆಟ್ಟಗೆ ಅಂದಳು: "ಸುಗಟೂರಿಗೆ ಹೋದ ಕೂಸು ಇನ್ನ ನಿಂದಲ್ಲ ಬಿಡೇ. ರತ್ನ ವಾಪಸ್ ಕೊಡ್ತಾಳಾ?"

ನನಗೆ ಆ ಮಾತು ನಾಟಿತು. ಆದರೂ ಏಳಲು ಆಗಲಿಲ್ಲ. ಇದನ್ನು ಅನುಭವಿಸದವರಿಗೆ ಹೇಳಿ ಉಪಯೋಗವಿಲ್ಲ. ಮಗಳು ಬೇಕು ಅನ್ನುವುದು ತಲೆಯಲ್ಲಿತ್ತು. ಆ ಬೇಕು ಕಾಲಿನವರೆಗೆ ಇಳಿಯುತ್ತಿರಲಿಲ್ಲ.

ಮನೆಯವರು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಕಣ್ಣರೆಪ್ಪೆ ಎಳೆದು ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು. "ಸ್ವಲ್ಪ ಅನೀಮಿಯಾ ಇದೆ. ಟಾನಿಕ್ ಬರೆದಿದ್ದೀನಿ" ಅಂದರು. ಮಗು ಹೋದದ್ದನ್ನು ಮನೆಯವರು ಹೇಳಿದ ಮೇಲೆ ಪೆನ್ನು ಕೆಳಗಿಟ್ಟರು. "ಅದಕ್ಕೆ ನನ್ನ ಹತ್ರ ಮದ್ದಿಲ್ಲಮ್ಮ. ಊಟ ಮಾಡು, ನಿದ್ದೆ ಮಾಡು." ಒಳ್ಳೆಯ ಮನುಷ್ಯ. ಆ ಎರಡೂ ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಈಗ ಇದನ್ನು ಡಿಪ್ರೆಶನ್ ಅನ್ನುತ್ತಾರಂತೆ. ಆಗ ಮಂಕು ಬಡಿದಿದೆ ಅನ್ನುತ್ತಿದ್ದರು.

ಟಾನಿಕ್ ಮುಗಿಯಿತು. ನಾನು ಹಾಗೇ ಇದ್ದೆ.

ನಮ್ಮತ್ತೆಯ ತವರು ತೆಲುಗು ಸೀಮೆ. ಒಂದೆಲಗವನ್ನು ಸರಸ್ವತಾಕು ಅನ್ನುತ್ತಿದ್ದರು. ಕೆರೆ ತೂಬಿನ ಕೆಳಗೆ ನೆಲ ಸದಾ ಒದ್ದೆ, ಅಲ್ಲಿ ಅದು ಹಬ್ಬಿಕೊಂಡಿತ್ತು. ಬೆಳಿಗ್ಗೆ ಹೋಗಿ ಕಿತ್ತು ತಂದು, ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಹಸುವಿನ ಹಾಲಿಗೆ ಬೆರೆಸಿ ಬರೀ ಹೊಟ್ಟೆಗೆ ಕೊಡುತ್ತಿದ್ದರು. ಕಹಿ, ಒಗರು, ಕೆಸರಿನ ವಾಸನೆ.

"ತಾಗವೇ, ಕುಡಿ. ಮುಖ ಹಿಂಡಬೇಡ. ನೀನು ಮುಖ ಹಿಂಡಿದ್ರೆ ಹೋದೋನು ಎದ್ದು ಬರ್ತಾನಾ?"

ಕುಡಿದೆ. ಅದೇ ರಸವನ್ನು ಹರಳೆಣ್ಣೆಯಲ್ಲಿ ಕಾಯಿಸಿ ನೆತ್ತಿಗೆ ಒತ್ತುತ್ತಿದ್ದರು. ಅವರ ಬೆರಳು ಒರಟು. ಆ ಒರಟು ಬೆರಳು ತಲೆಯ ಮೇಲಿದ್ದಷ್ಟು ಹೊತ್ತು ಹಿತವಾಗಿತ್ತು. ಬರಬರುತ್ತಾ ನಿದ್ದೆ ಬಂತು. ಇನ್ನೊಂದಿಷ್ಟು ದಿನಕ್ಕೆ ಉಪ್ಪು ತಿಳಿಯಿತು. ಸೊಪ್ಪಿನಿಂದಲೋ, ದಿನ ಕಳೆದದ್ದರಿಂದಲೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅನ್ನುವವಳಲ್ಲ ನಾನು.

ಆದರೆ ಆ ಎಣ್ಣೆ ಇನ್ನೊಂದು ಕೆಲಸ ಮಾಡಿತು. ರೇಷ್ಮೆ ಹುಳುವಿಗೆ ವಾಸನೆ ಆಗದು. ಹುಳುಮನೆಯ ಹತ್ತಿರ ಒಗ್ಗರಣೆ ಹಾಕುವುದಿಲ್ಲ, ಬೀಡಿ ಸೇದಿದವರನ್ನು ಬಿಡುವುದಿಲ್ಲ. ಹರಳೆಣ್ಣೆ ತಲೆಯವಳನ್ನು ಬಿಡುತ್ತಾರೆಯೇ? ಮದುವೆಯಾಗಿ ಬಂದಾಗಿನಿಂದ ಹುಳುವಿನ ತಟ್ಟೆ ತೆಗೆದಿಡುವುದು, ಹಿಪ್ಪುನೇರಳೆ ಸೊಪ್ಪು ಹೆಚ್ಚುವುದು, ಕಸ ತೆಗೆಯುವುದು ಎಲ್ಲ ನನ್ನದೇ ಕೆಲಸ. ಈಗ ಬಾಗಿಲು ದಾಟುವ ಹಾಗಿಲ್ಲ. ಜಗುಲಿಯ ಮೇಲೆ ಕೈಕಟ್ಟಿ ಕೂತೆ. ಕೈ ಖಾಲಿಯಾದರೆ ಸತ್ತ ಮಗು ಬಂದು ಅಲ್ಲೇ ಮಲಗುತ್ತಿತ್ತು.

"ಎಣ್ಣೆ ಬೇಡ ಅತ್ತೆ, ರಸ ಸಾಕು. ನಾನು ಹುಳ ನೋಡ್ಕೋತೀನಿ" ಅಂದೆ ಒಂದು ದಿನ.

"ಎಣ್ಣೆ ಬಿಟ್ರೆ ಮತ್ತೆ ಮಂಕು ಹಿಡಿಯುತ್ತೆ. ಸುಮ್ನೆ ಕೂತ್ಕೊಳ್ಳೇ."

ಕೂತೆ.

ಹುಳು ಹಣ್ಣಾದವು. ಮೈ ಹಳದಿಯಾಗಿ, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತವೆ. ಆಗ ಒಂದೊಂದನ್ನೇ ಆರಿಸಿ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ತಟ್ಟೆಯಲ್ಲೇ ಹಾಳು. ಕೈ ಸಾಲದೆ ರತ್ನನನ್ನು ಕರೆಸಿದರು. ಅವಳು ವೆಂಕಿಯನ್ನೂ ಕರೆದುಕೊಂಡು ಬಂದಳು. ಮಗು ದುಂಡಗಾಗಿತ್ತು. ನನ್ನನ್ನು ನೋಡಿ ರತ್ನನ ಸೀರೆ ಹಿಂದೆ ನಿಂತಿತು. ಅವಳ ಜೊತೆಯಲ್ಲೇ ಹುಳುಮನೆಯೊಳಕ್ಕೆ ಹೋಯಿತು.

ನಾನು ಎದ್ದು ಬಾಗಿಲವರೆಗೆ ಹೋದೆ. ವೆಂಕಿ ತಿರುಗಿ ನೋಡಿದಳು. ಆಮೇಲೆ ರತ್ನನ ಕೈ ಎಳೆದು ಅಂದಳು:

"ಅಮ್ಮಾ, ಈಯಮ್ಮ ಒಳಕ್ಕೆ ಬರಬಾರ್ದಲ್ವಾ? ವಾಸನೆ."

ಅಮ್ಮ ಅಂದದ್ದು ರತ್ನನಿಗೆ.

ಹುಳು ಆರಿಸುತ್ತಿದ್ದ ಮನೆಯವರ ಕೈ ನಿಂತಿತು. ನಾನು ಹಿತ್ತಲಿಗೆ ಹೋದೆ. ತಲೆಗೆ ಸೀಗೆಪುಡಿ ಹಾಕಿ ತಿಕ್ಕಿದೆ. ಎಣ್ಣೆ ಜಿಡ್ಡು ಬಿಡಲಿಲ್ಲ, ಮತ್ತೆ ತಿಕ್ಕಿದೆ. ಕಣ್ಣಿಗೆ ಸೀಗೆ ಹೋಯಿತು. ಉರಿಗೆ ನೀರು ಬಂತು. ನೀರು ಬಂದ ಮೇಲೆ ನಿಲ್ಲಲಿಲ್ಲ. ಮಗು ಹೋದಾಗ ಬರದ ಅಳು ಅಲ್ಲಿ, ಬಚ್ಚಲ ಕಲ್ಲಿನ ಮೇಲೆ ಬಂತು. ಅತ್ತು ಮುಗಿಸಿ, ಕೂದಲು ಹಿಂಡಿ, ಬೇರೆ ಸೀರೆ ಉಟ್ಟು ಹುಳುಮನೆಯೊಳಗೆ ಕಾಲಿಟ್ಟೆ.

"ಏಮೇ, ಒದ್ದೆ ತಲೆ! ಶೀತ ಆಗುತ್ತೆ!" ಅಂತ ನಮ್ಮತ್ತೆ ಕೂಗಿದರು. ನಾನು ತಟ್ಟೆ ಮುಂದೆ ಕೂತೆ. ಅವರು ಒಂದು ಗಳಿಗೆ ನೋಡಿದರು. ಆಮೇಲೆ ಸರಿದು ಜಾಗ ಕೊಟ್ಟರು. ಕೈಗೆ ಕೆಲಸ ಮರೆತಿರಲಿಲ್ಲ.

ಸಂಜೆ ಬಸ್ಸಿಗೆ ರತ್ನ ಗಂಟು ಕಟ್ಟಿದಳು.

"ಮಗು ಇಲ್ಲೇ ಇರಲಿ, ರತ್ನ."

"ಅತ್ತಿಗೆ, ನಿಮಗಿನ್ನೂ ಪೂರ್ತಿ ವಾಸಿ ಆಗಿಲ್ಲ. ಇನ್ನೊಂದು ಬೆಳೆ ಆಗ್ಲಿ, ಆಮೇಲೆ..."

"ವಾಸಿ ಆಗಿಲ್ಲ. ಆದ್ರೂ ಇರಲಿ."

ಅವಳು ಅಣ್ಣನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಇಬ್ಬರೂ ನೆಲ ನೋಡಿದರು. ಗಂಟು ಬಿಚ್ಚಿ ಮಗುವಿನ ಲಂಗಗಳನ್ನು ತೆಗೆದಿಟ್ಟಳು. ಹೊಸವು, ಅವಳೇ ಹೊಲಿದಿದ್ದು. "ರಾಗಿ ಗಂಜಿಗೆ ಬೆಲ್ಲ ಜಾಸ್ತಿ ಹಾಕಿ, ಇಲ್ದಿದ್ರೆ ಕುಡಿಯಲ್ಲ" ಅಂದಳು. ಬಸ್ಸಿಗೆ ಹೋಗುವಾಗ ತಿರುಗಿ ನೋಡಲಿಲ್ಲ. ವೆಂಕಿ ಅವಳ ಹಿಂದೆ ಓಡಿ ಬಿದ್ದು, ಅತ್ತು ಅತ್ತು ಜಗುಲಿಯ ಮೇಲೇ ಮಲಗಿದಳು.

ನನ್ನ ಕಾಯಿಲೆ ಅಂದಿಗೆ ಮುಗಿಯಲಿಲ್ಲ. ಆ ಭಾರ ಆಗಾಗ ಬಂದು ಕೂತು ಹೋಗುತ್ತಿತ್ತು. ರಸವನ್ನು ಆಮೇಲೂ ಬಹಳ ದಿನ ಕುಡಿದೆ. ನಮ್ಮತ್ತೆಯ ಕೈಯನ್ನು ಇವತ್ತಿಗೂ ನೆನೆಯುತ್ತೇನೆ. ರತ್ನನಿಗೆ ಕೊನೆಯವರೆಗೂ ಮಕ್ಕಳಾಗಲಿಲ್ಲ. ಆ ಸಂಜೆಯ ಮೇಲೆ ಅವಳಿಗೆ ಯಾರು ಯಾವ ಸೊಪ್ಪು ಅರೆದು ಕೊಟ್ಟರೋ ನಾನು ಕೇಳಲಿಲ್ಲ.

ರತ್ನ ಹೋದ ಮಾರನೇ ಬೆಳಿಗ್ಗೆ ವೆಂಕಿಯನ್ನು ಮುಂದೆ ಕೂರಿಸಿಕೊಂಡೆ. ಅವಳು ಹಾಕಿದ್ದ ಜಡೆ ಒಂದು ಎಳೆಯೂ ಸಡಿಲವಾಗದೆ ಚೆನ್ನಾಗೇ ಇತ್ತು. ಅದನ್ನು ಬಿಚ್ಚಿ, ಬಾಚಿ, ನಾನೇ ಹೆಣೆದೆ.