ಚಿಕ್ಕಜ್ಜಿಯ ಬಾಯಿಗೆ ಬಂದ ಮಾತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವಳು. ನರ್ಸ್ ಕೆಲಸ ಮಾಡುವವರು ಸಾವನ್ನು ಹತ್ತಿರದಿಂದ ನೋಡಿರುತ್ತೇವೆ. ಹೋದವರು ಮತ್ತೆ ಮಾತಾಡುವುದಿಲ್ಲವೆಂದು ನಮಗೆ ಚೆನ್ನಾಗಿ ಗೊತ್ತು. ಹಾಗಾಗಿ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದಷ್ಟನ್ನು ಹೇಳುತ್ತೇನೆ. ಹೇಳಲು ಭಯಕ್ಕಿಂತ ನಾಚಿಕೆಯೇ ಹೆಚ್ಚು.

ನಮ್ಮೂರು ಪಿರಿಯಾಪಟ್ಟಣದ ಕಡೆಯ ಕಂಪಲಾಪುರ. ಕೆಲವು ವರ್ಷಗಳ ಹಿಂದೆ ದಕ್ಷಿಣ ಜರ್ಮನಿಯ ಸಣ್ಣ ಊರೊಂದರ ವೃದ್ಧಾಶ್ರಮಕ್ಕೆ ನರ್ಸ್ ಆಗಿ ಹೋದೆ. ಮೈಸೂರಿನಲ್ಲಿ ಭಾಷೆ ಕಲಿತು ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ಆದರೆ ಅಲ್ಲಿಯ ಮುದುಕರು ಆಡುತ್ತಿದ್ದದ್ದು ಪುಸ್ತಕದ ಭಾಷೆಯಲ್ಲ. ನಮ್ಮ ಹಳ್ಳಿಯ ಮಾತು ಕೇಳಿದ ಹೊರಗಿನವರಂತೆ ನಾನು ಕಣ್ಣು ಕಣ್ಣು ಬಿಡುತ್ತಿದ್ದೆ. ಅರ್ಥವಾಗಲಿಲ್ಲ ಎಂದರೆ ಎಲ್ಲಿ ಕೆಲಸದಿಂದ ತೆಗೆದುಹಾಕುತ್ತಾರೋ ಎಂಬ ಹೆದರಿಕೆ. ಯಾರು ಏನೆಂದರೂ 'ಯಾ, ಯಾ', ಅಂದರೆ ಹೌದು ಹೌದು, ಎಂದು ನಕ್ಕುಬಿಡುತ್ತಿದ್ದೆ.

ಕೊನೆಯ ಕೋಣೆಯಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇದ್ದರು. ನಾನು ಮಾತ್ರೆ ಕೊಟ್ಟು ಹೊರಡುವಾಗಲೆಲ್ಲ ನನ್ನ ಮುಖ ನೋಡಿ, "ಹೊಕ್ ಡಿ ನಾ" ಎನ್ನುತ್ತಿದ್ದರು. ನೀರು ಕೊಟ್ಟೆ, ತಲೆಯಡಿ ಇನ್ನೊಂದು ದಿಂಬಿಟ್ಟೆ, ಒಮ್ಮೆ ಕಿಟಕಿ ತೆರೆದೆ. ಅವರು ಅದಲ್ಲವೆಂದು ತಲೆಯಾಡಿಸಿ ಮತ್ತೆ ಅದನ್ನೇ ಹೇಳುತ್ತಿದ್ದರು. ನಾನು 'ಯಾ, ಯಾ' ಎಂದು ಬಾಗಿಲೆಳೆದುಕೊಂಡು ಬಂದುಬಿಡುತ್ತಿದ್ದೆ. ಜೊತೆಯ ನರ್ಸುಗಳನ್ನು ಕೇಳಬಹುದಿತ್ತು. ಕೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ತೀರಿಕೊಂಡರು. ಅಮ್ಮ ಕೊನೆಯಲ್ಲಿ ಏನಾದರೂ ಕೇಳಿದರೇ ಎಂದು ಅವರ ಮಗಳು ವಿಚಾರಿಸಿದಾಗ, ಏನೂ ಇಲ್ಲ, ನೆಮ್ಮದಿಯಾಗಿದ್ದರು ಎಂದೆ. ಆ ಒಂದು ವಾಕ್ಯವನ್ನು ಮಾತ್ರ ತಪ್ಪಿಲ್ಲದೆ ಹೇಳಿದೆ.

ಮರುವರ್ಷ ರಜೆಗೆ ಊರಿಗೆ ಬಂದೆ. ಹೊಗೆಸೊಪ್ಪಿನ ಕಾಲ. ಬಂದ ಮರುದಿನ ಮಧ್ಯಾಹ್ನ, ಚಪ್ಪರದಡಿ ಅವ್ವ ಮತ್ತು ಚಿಕ್ಕಜ್ಜಿ ಹಸಿ ಸೊಪ್ಪನ್ನು ಒಣಗಿಸಲೆಂದು ಕಡ್ಡಿಗೆ ಕಟ್ಟುತ್ತ ಕೂತಿದ್ದರು. ಚಿಕ್ಕಜ್ಜಿ ಎಂದರೆ ಅಪ್ಪನ ತಾಯಿಯ ತಂಗಿ. ಹುಣಸೂರು ದಾಟಿ ಹೋದವರಲ್ಲ, ಕನ್ನಡವಲ್ಲದೆ ಬೇರೆ ನುಡಿ ಬಾರದು. ನಾನು ಕಾಫಿ ಲೋಟಗಳನ್ನಿಟ್ಟು ಮನೆಯತ್ತ ಹೊರಟೆ. ಬೆನ್ನ ಹಿಂದೆ ಕೇಳಿಸಿತು: "ಹೊಕ್ ಡಿ ನಾ."

ತಿರುಗಿದೆ. ಚಿಕ್ಕಜ್ಜಿ ನನ್ನ ಮುಖವನ್ನೇ ನೋಡುತ್ತ, ಪಕ್ಕದಲ್ಲಿ ಹಾಸಿದ್ದ ಗೋಣಿಚೀಲವನ್ನು ತಟ್ಟುತ್ತಿದ್ದರು.

ನನ್ನ ಭ್ರಮೆ ಎನ್ನೋಣವೆಂದರೆ ಅವ್ವನೂ ತಲೆಯೆತ್ತಿದಳು. "ಅದೇನತ್ತೆ, ಅದ್ಯಾವ ಮಾತಾಡಿದ್ರಿ?"

"ಕೂತ್ಕೋ ಮಗ ಅಂದೆ ಕಣವ್ವ," ಎಂದರು ಚಿಕ್ಕಜ್ಜಿ.

"ಅಂಗನ್ನಲಿಲ್ಲ ಬುಡಿ. ಹೊಕ್ಕು ಗಿಕ್ಕು ಅಂತ ಏನೋ ಅಂದ್ರಿ."

"ನಿಂಗೆ ಕಿವಿ ಮಂದ ಆಯ್ತು ಕಣೆ," ಎಂದು ನಕ್ಕು ಅವರು ಸೊಪ್ಪಿಗೆ ಕೈಹಾಕಿದರು.

ಒಳಗೆ ಹೋಗಿ ಜರ್ಮನಿಯ ಜೊತೆಗಾತಿಯೊಬ್ಬಳಿಗೆ ಫೋನ್ ಮಾಡಿ, ಮೊದಲ ಸಲ ಆ ಮಾತಿನ ಅರ್ಥ ಕೇಳಿದೆ. ಅವಳಿಗೆ ನಗು. ಅದು ತಮ್ಮ ಕಡೆಯ ಹಳ್ಳಿ ಮಾತು, ಮನೆಗೆ ಬಂದವರಿಗೆ 'ಕೂತ್ಕೋ' ಅನ್ನುವುದು ಎಂದಳು.

ಫೋನಿಟ್ಟು ಅಲ್ಲೇ ಅತ್ತುಬಿಟ್ಟೆ. ಆ ಅಜ್ಜಿಗೆ ನೀರೂ ಬೇಕಿರಲಿಲ್ಲ, ದಿಂಬೂ ಬೇಕಿರಲಿಲ್ಲ. ಹತ್ತಿರ ಎರಡು ನಿಮಿಷ ಕೂರು ಎಂದು ನಾಲ್ಕು ತಿಂಗಳು ಕೇಳಿದ್ದರು. ಮುಖ ತೊಳೆದು ಹೊರಗೆ ಬಂದು ಚಿಕ್ಕಜ್ಜಿಯ ಪಕ್ಕ ಕೂತೆ. ಹೊತ್ತು ಮುಳುಗುವವರೆಗೂ ಏಳಲಿಲ್ಲ.

ಆ ಮಾತನ್ನು ನಾನು ಊರಿನಲ್ಲಿ ಯಾರ ಮುಂದೆಯೂ ಆಡಿರಲಿಲ್ಲ. ನಿದ್ದೆಯಲ್ಲಿ ಕನವರಿಸಿದ್ದೆನೇನೋ ಎಂದುಕೊಂಡರೆ, ಹಿಂದಿನ ರಾತ್ರಿ ಮಲಗಿದ್ದು ಒಬ್ಬಳೇ, ಬಾಗಿಲು ಹಾಕಿಕೊಂಡು. ಕನವರಿಕೆ ಕೇಳಿಸಿತ್ತೆಂದರೂ ಅದರ ಅರ್ಥ ಚಿಕ್ಕಜ್ಜಿಗೆ ತಿಳಿದದ್ದು ಹೇಗೆ? ನನಗೇ ತಿಳಿದಿರಲಿಲ್ಲ. ತೀರಿಕೊಂಡ ಅಜ್ಜಿಯ ಮಗಳಿಗೆ ನಿಜ ಬರೆಯಬೇಕೆಂದು ಹಲವು ಸಲ ಕೂತಿದ್ದೇನೆ. ಈಗ ಭಾಷೆ ಚೆನ್ನಾಗಿಯೇ ಬರುತ್ತದೆ, ಬರೆಯುವ ಮುಖವಿಲ್ಲ.

ಮೊನ್ನೆ ಫೋನಿನಲ್ಲಿ ಚಿಕ್ಕಜ್ಜಿಯನ್ನು ಮತ್ತೊಮ್ಮೆ ಕೇಳಿದೆ. ಈ ಸಲ ಅವರು ಇಲ್ಲವೆನ್ನಲಿಲ್ಲ.

"ನಂಗೇನ್ ಗೊತ್ತು ಮಗ? ಬಾಯಿಗ್ ಬಂತು, ಅಂದೆ. ನೀನು ಬಂದು ಕೂತ್ಕೊಂಡ್ಯಲ್ಲ, ಬುಡು."