ಹೆಸರು ಒಂದು, ಕೂಸು ಎರಡು

ಗೊಳಸಂಗಿಯಲ್ಲಿ ನನ್ನ ಹೆರಿಗೆ ಮಾಡಿಸಿದ ನರ್ಸಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನನದ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಒಂದು ಖಾನೆಯನ್ನೂ ಖಾಲಿ ಬಿಡುತ್ತಿರಲಿಲ್ಲ. ಏನು ಕೇಳಿದರೂ ಒಂದೇ ಉತ್ತರ: “ಮೊದಲ ಬರಕೊಳ್ತೇನಿ, ಆಮ್ಯಾಲ ಹೇಳ್ತೇನಿ.”

ಆ ವರ್ಷ ನಮ್ಮ ಅತ್ತೆ ತೀರಿಕೊಂಡರು. ಅದೇ ತಿಂಗಳು ನಾನೂ ನನ್ನ ನೆಗೆಣ್ಣಿಯೂ, ಅಂದರೆ ಓರಗಿತ್ತಿಯೂ, ಹೆಣ್ಣು ಹೆತ್ತೆವು. ಇಬ್ಬರೂ ಹಟ ಬಿಡದೆ ಕೂಸುಗಳಿಗೆ ಅತ್ತೆಯ ಹೆಸರನ್ನೇ ಇಟ್ಟೆವು. ನರ್ಸಬಾಯಿ ನಗಲಿಲ್ಲ. ಎರಡಕ್ಕೂ ಬೇರೆ ಬೇರೆ ನಂಬರು ಕೊಟ್ಟು, ತಾಯಿಯ ಖಾನೆಯಲ್ಲಿ ನಮ್ಮಿಬ್ಬರ ಹೆಸರು ಬರೆದುಕೊಂಡರು.

ಮುಂದೆ ನಾನು ಮಗಳನ್ನು ಕರೆದುಕೊಂಡು ನಾಲತವಾಡದ ತವರಿನಲ್ಲಿದ್ದಾಗ ಗೊಳಸಂಗಿಗೆ ಸಿಡುಬಿನ ಲಸಿಕೆ ಹಾಕುವವನು ಬಂದ. ಅವನು ರಿಜಿಸ್ಟರಿನಿಂದ ಮಕ್ಕಳ ಹೆಸರುಗಳನ್ನಷ್ಟೇ ನಕಲು ಮಾಡಿಕೊಂಡು ಬಂದಿದ್ದ. ಒಂದೇ ಮನೆಯಲ್ಲಿ ಒಂದೇ ಹೆಸರು ಎರಡು ಸಲ ಕಂಡು, ತಪ್ಪಿ ಬರೆದದ್ದೆಂದು ಒಂದನ್ನು ಹೊಡೆದುಹಾಕಿ, ನೆಗೆಣ್ಣಿಯ ಕೂಸಿಗೆ ಲಸಿಕೆ ಹಾಕಿ ಹೋದ.

ನಾನು ಮರಳಿದ ಮರುದಿನವೇ ನರ್ಸಬಾಯಿ ಬಂದರು. ಅವನ ಪಟ್ಟಿಯನ್ನು ತಮ್ಮ ರಿಜಿಸ್ಟರಿಗೆ ತಾಳೆ ನೋಡಿದಾಗ ನಮ್ಮ ಮನೆಯ ಒಂದು ನಂಬರು ಉಳಿದಿತ್ತಂತೆ.

“ಎರಡೂ ಕೂಸು ತೋರಸ್ರಿ,” ಎಂದರು.

“ಆ ಹೆಸರಿನ ಮುಂದ ಲಸಿಕೆ ಆಗೇತಿ ಅಂತ ಬರದಾರಲ್ರಿ ಬಾಯಾರ,” ಎಂದರು ಮಾವ.

“ಹೆಸರಿಗೆ ಸಿಡುಬು ಬರಾಂಗಿಲ್ರಿ ಯಜಮಾನ್ರ. ಕೂಸಿಗೆ ಬರ್ತೈತಿ.”

ಮಾವ ಜರುಗಿ ಕೂತು ಜಾಗ ಬಿಟ್ಟರು. ನಾನು ಬೇಗನೆ ಮಗಳ ತೋಳು ಮುಂದೆ ಹಿಡಿದೆ; ಲಸಿಕೆಯ ಗುರುತಿರಲಿಲ್ಲ. ಪಕ್ಕದ ಓಣಿಯಲ್ಲಿ ಆಗಲೇ ಒಬ್ಬರಿಗೆ ಸಿಡುಬು ಎದ್ದಿತ್ತು.

ಲಸಿಕೆ ಹಾಕಿದೊಡನೆ ನನ್ನ ಮಗಳು ಅತ್ತಳು. ಅವಳನ್ನು ನೋಡಿ ನೆಗೆಣ್ಣಿಯ ಮಗಳು ಇನ್ನೂ ಜೋರಾಗಿ ಅಳತೊಡಗಿದಳು. ನರ್ಸಬಾಯಿ ಆ ಕೂಸಿನ ಗಲ್ಲ ಹಿಡಿದು ಹೇಳಿದರು:

“ನೀ ಯಾಕ ಅಳ್ತೀಯವ್ವಾ? ನಿನ್ನ ನಂಬರ ಬ್ಯಾರೆ ಐತಿ.”