ಕಸಿ ಕಟ್ಟುವವಳ ಬುಟ್ಟಿ

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನರ್ಸರಿ ನನ್ನ ಪಾಲಿಗೆ ಬಂತು. ಕೃಷ್ಣಗಿರಿ ರಸ್ತೆಯಲ್ಲಿ ಮಾವಿನ ಸಸಿ ಮಾರುವವರು ಬೇಕಾದಷ್ಟು ಜನ ಇದ್ದರೂ ನಮ್ಮಲ್ಲಿಗೇ ಕೇಳಿಕೊಂಡು ಬರುತ್ತಿದ್ದುದು ಕಸಿ ಕಟ್ಟುವ ಕೂಲಿಯವಳೊಬ್ಬಳ ಕೈಗುಣಕ್ಕೆ. ಮಾವಿನ ಗೊರಟೆಯಿಂದ ಎದ್ದ ಸಸಿಯನ್ನು ಸೀಳಿ, ಬಾದಾಮಿ ಮಾವಿನ ಮರದ ಕಡ್ಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದಳೆಂದರೆ ಆ ಗಿಡ ಒಣಗುವುದು ಅಪರೂಪ. ನಾನು ಕಟ್ಟಿದವು ಅರ್ಧಕ್ಕರ್ಧ ಸಾಯುತ್ತಿದ್ದವು. ಅವಳು ಹೋದರೆ ನರ್ಸರಿಯೂ ಹೋದಂತೆ ಎಂದು ನನಗೆ ಗೊತ್ತಿತ್ತು.

ಹೋದ ವರ್ಷ ಕಸಿಯ ಕಾಲದಲ್ಲೇ ರಸ್ತೆಯ ಆಚೆ ಹೊಸ ನರ್ಸರಿಯ ಬೋರ್ಡು ಎದ್ದಿತು. ಅದೇ ತಿಂಗಳು ಇವಳು ಎರಡು ಸೋಮವಾರ ರಜೆ ಹಾಕಿದಳು. ಫೋನ್ ಬಂದರೆ ನೀರಿನ ತೊಟ್ಟಿಯ ಹಿಂದಕ್ಕೆ ಹೋಗಿ ಮಾತಾಡುತ್ತಿದ್ದಳು. ಒಂದು ಸಂಜೆ ಅವಳ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಕಸಿಕಡ್ಡಿ ಕಂಡೆ. ಆಚೆಯವರಿಗೇ ಒಯ್ಯುತ್ತಿದ್ದಾಳೆ ಅಂದುಕೊಂಡೆ.

ಕೇಳಿಬಿಡಬಹುದಿತ್ತು. ಆದರೆ ನಾನು ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದವಳು. ಅವಳನ್ನು ಕೇಳುವ ಬದಲು ಗಿಡಕ್ಕೆ ನೀರು ಹಾಕುವವಳನ್ನು ಕರೆದು, ಸ್ವಲ್ಪ ಅವಳ ಮೇಲೆ ಕಣ್ಣಿಟ್ಟಿರು ಎಂದೆ. ಅಂದಿನಿಂದ ದಿನಕ್ಕೊಂದು ಸುದ್ದಿ.

“ಇವತ್ತು ಫೋನ್ನಾಗೆ ತೆಲುಗು ಮಾತಾಡಿದ್ಲು ಕಣಕ್ಕ. ನಂಗೆ ತಿಳೀಬಾರ್ದು ಅಂತ.”

“ನಿಮ್ಮನೆ ಮಾತೇ ತೆಲುಗಲ್ವೇನೆ?”

“ಹೂಂ, ಅದ್ಕೇ ಮೆಲ್ಲಗೆ ಮಾತಾಡಿದ್ಲು!”

ಈಗ ನಗು ಬರುತ್ತದೆ. ಆಗ ಅದನ್ನೂ ನಂಬಿದೆ. ಕಡ್ಡಿಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ, ಬೆಳಿಗ್ಗೆ ಕಸಿಯವಳಿಗೆ ಎಣಿಸಿ ಕೊಡತೊಡಗಿದೆ. ಅವಳು ಏನೂ ಅನ್ನಲಿಲ್ಲ. ಏನೂ ಅನ್ನದಿರುವುದೇ ನನಗೆ ಇನ್ನೊಂದು ಸಾಕ್ಷಿಯಾಯಿತು. ಕೊನೆಗೊಂದು ದಿನ ಅವಳು ಕೈಕಾಲು ತೊಳೆಯಲು ಹೋದಾಗ ಬುಟ್ಟಿಯ ಮೇಲಿನ ಬಟ್ಟೆ ಎತ್ತಿದೆ. ಒಳಗೆ ಖಾಲಿ ಊಟದ ಡಬ್ಬಿ, ಒಂದು ಬಾಚಣಿಗೆ.

“ಏನಕ್ಕ, ಸಿಕ್ತಾ?”

ಬೆನ್ನ ಹಿಂದೆಯೇ ನಿಂತಿದ್ದಳು. ಬಟ್ಟೆಯನ್ನು ಮತ್ತೆ ಬುಟ್ಟಿಯ ಮೇಲೆ ಹೊದಿಸಿದೆ.

“ಅವತ್ತು ಒಯ್ದಿದ್ದು ನೀನು ಎಸೆದಿದ್ದ ಕಡ್ಡಿ. ಚಿಗುರೊಡೆಯಲ್ಲ ಅಂತ ನೀನೇ ಮೂಲೆಗಾಕಿದ್ದೆ. ನಮ್ ಹಿತ್ಲಾಗೆ ಕಟ್ಟಿ ನೋಡಣ ಅಂತ ತಕ್ಕೊಂಡೋದೆ. ಆಚೆಯೋರು ಕರೆದಿದ್ದು ದಿಟ. ಎರಡು ಸೋಮವಾರ ಹೋಗಿ ನೋಡ್ಕೊಂಡೂ ಬಂದೆ. ಆಗಲ್ಲ ಅಂದ್ಬುಟ್ಟಿದ್ದೆ. ಈಗ ಹೂಂ ಅಂತೀನಿ.”

“ಕೂಲಿ ಜಾಸ್ತಿ ಮಾಡ್ತೀನಿ ಕಣೇ,” ಎಂದೆ.

“ಕೂಲಿ ಅವ್ರೂ ಕೊಡ್ತಾರೆ. ನಾನು ಬಯಲ ಕಡೆ ಹೋದ್ರೂ ಆ ನೀರ್ ಹಾಕೋಳು ಪೈಪ್ ಹಿಡ್ಕೊಂಡು ಹಿಂದೇನೆ ಬತ್ತಾಳೆ. ಎಲ್ರೂ ನನ್ನ ಕಳ್ಳಿ ಅಂತ ನೋಡ್ತಾವ್ರೆ. ಎಲ್ರಿಗೂ ತಿಳಿಯಂಗೆ ಅನುಮಾನ ಪಟ್ಟೆ, ಎಲ್ರ ಮುಂದೇನೆ ಹೇಳು. ಇಲ್ದಿದ್ರೆ ನಾಳೆಯಿಂದ ಆಚೇಗೆ.”

ಮರುದಿನ ಹಸಿರು ಬಲೆಯ ನೆರಳಲ್ಲಿ ಕೆಲಸದ ಹೆಂಗಸರೆಲ್ಲ ಸಸಿ ಮುಂದಿಟ್ಟುಕೊಂಡು ಕೂತಿದ್ದರು. ಅವಳೂ ಬಂದಿದ್ದಳು, ಆದರೆ ಚಾಕು ಹೊರಗೆ ತೆಗೆದಿರಲಿಲ್ಲ. ನಾನು ಬಲೆಯ ಕಂಬ ಹಿಡಿದು ನಿಂತೆ. ಮದುವೆಯ ದಿನವೂ ಅಷ್ಟು ಬೆವರಿರಲಿಲ್ಲ.

“ಇವಳು ಏನೂ ಕದ್ದಿಲ್ಲ. ಇವಳ ಮೇಲೆ ಕಣ್ಣಿಡು ಅಂತ ಹೇಳ್ದೋಳು ನಾನು. ಬುಟ್ಟಿ ನೋಡ್ದೋಳೂ ನಾನೇ. ತಪ್ಪಾಯ್ತು,” ಎಂದೆ. ದನಿ ಎಷ್ಟು ದೂರ ಹೋಯಿತೋ ಗೊತ್ತಿಲ್ಲ. ನೀರು ಹಾಕುವವಳು ಒಂದೇ ಗಿಡಕ್ಕೆ ನೀರು ಬಿಡುತ್ತಾ ನಿಂತುಬಿಟ್ಟಳು. ಸಸಿಯ ಪ್ಯಾಕೆಟ್ಟಿನ ಮಣ್ಣೆಲ್ಲ ಹರಿದುಹೋಯಿತು.

ಅವಳು ಚಾಕು ತೆಗೆದಳು. “ಈ ಮಳೆಗಾಲ ಇರ್ತೀನಿ. ಆಮೇಲಿಂದು ಆಮೇಲೆ ಕೇಳು. ನನ್ನನ್ನೇ ಕೇಳು.”

ಮಳೆಗಾಲ ಮುಗಿದ ದಿನ ಅವಳನ್ನೇ ಕೇಳಿದೆ. “ಯೋಚ್ನೆ ಮಾಡ್ತಾವ್ನಿ ಕಣಕ್ಕ,” ಎಂದಳು. ಇನ್ನೂ ಯೋಚಿಸುತ್ತಲೇ ಇದ್ದಾಳೆ, ದಿನಾ ಕೆಲಸಕ್ಕೂ ಬರುತ್ತಾಳೆ. ನನ್ನ ಮನಸ್ಸು ಈಗಲೂ ಪೂರ್ತಿ ತಣ್ಣಗಾಗಿಲ್ಲ. ಅವಳು ಬರುವುದು ಹತ್ತು ನಿಮಿಷ ತಡವಾದರೆ ರಸ್ತೆಯ ಆಚೆ ನೋಡುತ್ತೇನೆ. ಆದರೆ ಬೇರೆ ಯಾರನ್ನೂ ಕೇಳುವುದಿಲ್ಲ.